ಲದ್ದಿ ಎಣಿಸಿ, ಆಮೇಲೆ ಔಷಧ ಕೊಡಿ: ಸಾಕುಕತ್ತೆಗಳ ಜಂತುಹುಳು ಬಾಧೆ

(ಬೆಂಗಳೂರಿನಲ್ಲಿ ಕತ್ತೆ ಸಾಕಣೆದಾರರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಆಮಂತ್ರಣದಲ್ಲಿ ‘ಕತ್ತೆಗಳ ಕರುಳಿನ ಪರೋಪಜೀವಿಗಳು’ ಎಂದು ಗಂಭೀರವಾಗಿ ಅಚ್ಚಾಗಿದೆ. ಆದರೆ ಇವತ್ತು ಬಹುಪಾಲು ಮಾತಾಡಬೇಕಿರುವುದು ಲದ್ದಿಯ ಬಗ್ಗೆ. ಅದನ್ನು ಯಾವಾಗ ಎತ್ತಬೇಕು, ಹೇಗೆ ಎಣಿಸಬೇಕು, ಎಲ್ಲಿ ಹಾಕಬೇಕು, ಎಲ್ಲಿ ಹಾಕಲೇಬಾರದು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅನ್ನುತ್ತೇವೆ. ಜಂತುಹುಳು ನೋಡುವವರಿಗೆ ಲದ್ದಿಯೇ ಕಸ್ತೂರಿ, ಏನು ಮಾಡುವುದು.

ಮೊದಲು ಒಂದೆರಡು ಅಂಕಿ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರ ಗಣತಿಗೆ ಅದು 1.2 ಲಕ್ಷಕ್ಕೆ ಇಳಿಯಿತು, ಅಂದರೆ ಶೇ. 61ರಷ್ಟು ಕುಸಿತ. ಮಡಿವಾಳರ ಬಟ್ಟೆಗಂಟು ಆಟೋ ಏರಿತು, ಇಟ್ಟಿಗೆ ಗೂಡಿನ ಹೊರೆ ಟ್ರ್ಯಾಕ್ಟರ್ ಏರಿತು. ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಕತ್ತೆ ವಾಪಸ್ ಬರುತ್ತಿದೆ, ಹಾಲಿನ ಪ್ರಾಣಿಯಾಗಿ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜಾನುವಾರು ಮಿಷನ್ನಿನ ಉದ್ಯಮ ಸಹಾಯಧನಕ್ಕೆ ಕುದುರೆ, ಒಂಟೆಗಳ ಜೊತೆ ಕತ್ತೆಯನ್ನೂ ಸೇರಿಸಿತು. ಕತ್ತೆ ಫಾರಂ ಮಾಡುತ್ತೇನೆ ಎಂದು ಬ್ಯಾಂಕಿಗೆ ಹೋದರೆ ಈಗ ಯಾರೂ ನಗುವುದಿಲ್ಲ.

ಹುಳುವಿನ ದೃಷ್ಟಿಯಿಂದ ಈ ಬದಲಾವಣೆ ಬಹಳ ದೊಡ್ಡದು. ಮೊದಲು ಎರಡು ಕತ್ತೆ ಊರೆಲ್ಲ ಸುತ್ತಿ ಮೇಯುತ್ತಿದ್ದವು, ಊರೆಲ್ಲ ಲದ್ದಿ ಹಾಕುತ್ತಿದ್ದವು. ಒಂದು ಕಡೆ ಹಾಕಿದ ಲದ್ದಿಯ ಮೇಲೆ ಬೆಳೆದ ಹುಲ್ಲಿಗೆ ಅವೇ ವಾಪಸ್ ಬಾಯಿ ಹಾಕುವ ಸಂಭವ ಕಡಿಮೆ. ಈಗ ಒಂದು ಎಕರೆ ಬೇಲಿಯೊಳಗೆ ಇಪ್ಪತ್ತು ಮೂವತ್ತು ಪ್ರಾಣಿ. ತಿನ್ನುವುದೂ ಅಲ್ಲೇ, ಲದ್ದಿ ಹಾಕುವುದೂ ಅಲ್ಲೇ, ಮರಿ ಹಾಕುವುದೂ ಅಲ್ಲೇ. ಬೀದಿ ಕತ್ತೆಗಿಂತ ಫಾರಂ ಕತ್ತೆಯ ಹೊಟ್ಟೆ ಸ್ವಚ್ಛ ಅಂದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಬೇಲಿ ಹಾಕಿದ ಮೇಲೆ ಎಚ್ಚರ ತಪ್ಪಿದರೆ ಅದು ತಲೆಕೆಳಗಾಗುತ್ತದೆ.

ಕತ್ತೆ ಹೇಳಿಕೊಳ್ಳುವುದಿಲ್ಲ

ಕುದುರೆಗೆ ಹೊಟ್ಟೆನೋವು ಬಂದರೆ ಹೊರಳಾಡುತ್ತದೆ, ನೆಲ ಕೆರೆಯುತ್ತದೆ, ಪಕ್ಕೆ ತಿರುಗಿ ನೋಡುತ್ತದೆ, ಬೆವರುತ್ತದೆ. ಕತ್ತೆ ಹಾಗಲ್ಲ. ಕರುಳು ತಿರುಚಿಕೊಂಡಿದ್ದರೂ ಸುಮ್ಮನೆ ತಲೆ ತಗ್ಗಿಸಿ ನಿಂತಿರುತ್ತದೆ. ‘ಸ್ವಲ್ಪ ಮಂಕಾಗಿದೆ ಸಾರ್, ನಾಳೆ ಸರಿ ಹೋಗುತ್ತೆ’ ಎಂಬ ಮಾತಿಗೆ ಕತ್ತೆಯ ವಿಷಯದಲ್ಲಿ ಜಾಗವಿಲ್ಲ. ಮಂಕು ಅಂದರೆ ಡಾಕ್ಟರಿಗೆ ಫೋನು. ಮೇವು ಬಿಟ್ಟ ಕತ್ತೆ ತನ್ನ ಮೈಯ ಕೊಬ್ಬನ್ನೆಲ್ಲ ಕರಗಿಸಿ ರಕ್ತಕ್ಕೆ ಬಿಡತೊಡಗುತ್ತದೆ. ಆ ಕೊಬ್ಬು ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಇದನ್ನು ಹೈಪರ್‌ಲಿಪೀಮಿಯಾ ಎನ್ನುತ್ತಾರೆ. ಕೊಬ್ಬಿದ ಕತ್ತೆ, ಗಬ್ಬದ ಕತ್ತೆ, ಹಾಲು ಕೊಡುವ ಕತ್ತೆಗಳಿಗೆ ಅಪಾಯ ಹೆಚ್ಚು. ಹುಳುವಿನ ಕಾಯಿಲೆಯಿಂದ ಶುರುವಾಗಿ ಕೊನೆಗೆ ಪ್ರಾಣ ತೆಗೆಯುವುದು ಎಷ್ಟೋ ಸಲ ಇದೇ.

ಹುಳುವಿನ ವಿಷಯದಲ್ಲೂ ಕತ್ತೆ ಮೌನಿಯೇ. ಒಂದು ಗ್ರಾಂ ಲದ್ದಿಯಲ್ಲಿ ಸಾವಿರಕ್ಕೂ ಮೇಲೆ ಹುಳುಮೊಟ್ಟೆ ಹಾಕುತ್ತಿರುವ ಕತ್ತೆ ಮೈ ತುಂಬಿಕೊಂಡು, ಕೂದಲು ಮಿರುಗುತ್ತಾ ನಿಂತಿರಬಹುದು. ಅದರ ಪಕ್ಕದಲ್ಲೇ ಎಲುಬು ಕಾಣುವ ಇನ್ನೊಂದರ ಲದ್ದಿಯಲ್ಲಿ ಮೊಟ್ಟೆಯೇ ಸಿಗದಿರಬಹುದು. ಅದಕ್ಕೆ ಹಲ್ಲಿನ ತೊಂದರೆ ಇರಬಹುದು. ಕತ್ತೆ ಬಡಕಲಾದರೆ ಹುಳುವಿನ ಔಷಧಕ್ಕೆ ಮುಂಚೆ ಬಾಯಿ ತೆಗೆಸಿ ದವಡೆ ನೋಡಿಸಿ. ಹಲ್ಲಿನ ಮೊನೆ ಕೆನ್ನೆಗೆ ಚುಚ್ಚುತ್ತಿದ್ದರೆ ಎಷ್ಟು ಬೋಲಸ್, ಅಂದರೆ ದೊಡ್ಡ ಔಷಧ ಗುಳಿಗೆ, ನುಂಗಿಸಿದರೂ ಮೈ ಬರುವುದಿಲ್ಲ.

ಯಾವ ಹುಳು, ಎಲ್ಲಿ

ಪಟ್ಟಿ ಉದ್ದವಿದೆ. ನಿಮಗೆ ನಿಜವಾಗಿ ತೊಂದರೆ ಕೊಡುವವು ಕೆಲವು ಮಾತ್ರ.

ಮೊದಲನೆಯವು ಸಣ್ಣ ಸ್ಟ್ರಾಂಗೈಲ್‌ಗಳು, ವೈದ್ಯರ ಭಾಷೆಯಲ್ಲಿ ಸಯಾಥೊಸ್ಟೊಮಿನ್. ದೊಡ್ಡ ಕರುಳಿನಲ್ಲಿ ಇರುತ್ತವೆ, ಕೂದಲಿನಷ್ಟು ತೆಳ್ಳಗೆ, ಒಂದೆರಡು ಸೆಂಟಿಮೀಟರ್ ಉದ್ದ. ಲದ್ದಿಯಲ್ಲಿ ಕಾಣುವ ಮೊಟ್ಟೆಗಳಲ್ಲಿ ಬಹುಪಾಲು ಇವುಗಳದ್ದೇ. ಬೆಳೆದ ಹುಳು ಅಷ್ಟೇನೂ ಕಾಟ ಕೊಡುವುದಿಲ್ಲ. ಕಾಟ ಇರುವುದು ಮರಿಹುಳುವಿನಲ್ಲಿ. ಹುಲ್ಲಿನ ಜೊತೆ ಒಳಗೆ ಹೋದ ಮರಿಹುಳು ಕರುಳಿನ ಗೋಡೆಯೊಳಗೆ ಹೊಕ್ಕು ಗಂಟು ಕಟ್ಟಿಕೊಂಡು ಮಲಗುತ್ತದೆ. ಕೆಲವು ವಾರ ಮಲಗಬಹುದು, ಎರಡು ವರ್ಷಕ್ಕೂ ಮೇಲೆ ಮಲಗಬಹುದು. ಹೀಗೆ ಮಲಗಿದ ಸಾವಿರಾರು, ಲಕ್ಷಾಂತರ ಮರಿಹುಳು ಒಟ್ಟಿಗೆ ಎದ್ದು ಗೋಡೆ ಒಡೆದು ಹೊರಬಂದರೆ ಕರುಳು ಒಳಗಿನಿಂದ ಹುಣ್ಣಾಗುತ್ತದೆ. ನೀರಿನಂಥ ಭೇದಿ, ವಾರದೊಳಗೆ ಮೈ ಇಳಿಯುವುದು, ಹೊಟ್ಟೆಯಡಿ ಬಾವು. ಚಿಕಿತ್ಸೆ ಕೊಟ್ಟರೂ ಅರ್ಧದಷ್ಟು ಪ್ರಾಣಿಗಳು ಉಳಿಯದಿರಬಹುದು. ಆ ಹಂತದಲ್ಲಿ ಲದ್ದಿ ಪರೀಕ್ಷೆ ಮಾಡಿದರೆ ಮೊಟ್ಟೆ ಸೊನ್ನೆ ಎಂದು ಬರಬಹುದು, ಏಕೆಂದರೆ ಮರಿಹುಳು ಮೊಟ್ಟೆ ಇಡುವುದಿಲ್ಲ. ಎಳೆ ಪ್ರಾಯದ ಕತ್ತೆಗೆ ಭೇದಿ ಇದ್ದು ರಿಪೋರ್ಟಿನಲ್ಲಿ ಸೊನ್ನೆ ಇದ್ದರೆ ‘ಹುಳುವಿಲ್ಲ’ ಎಂದು ಓದಬೇಡಿ.

ಎರಡನೆಯದು ದೊಡ್ಡ ಸ್ಟ್ರಾಂಗೈಲ್, ಅದರಲ್ಲೂ ಸ್ಟ್ರಾಂಗೈಲಸ್ ವಲ್ಗ್ಯಾರಿಸ್. ಇದರ ಮರಿ ಕರುಳಿಗೆ ರಕ್ತ ಒಯ್ಯುವ ಮುಖ್ಯ ಧಮನಿಯೊಳಗೆ ತಿಂಗಳುಗಟ್ಟಲೆ ಓಡಾಡುತ್ತದೆ. ಧಮನಿಯ ಗೋಡೆ ದಪ್ಪವಾಗಿ, ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮುಂದೆ ಹೋಗಿ ಸಿಕ್ಕಿಕೊಂಡರೆ ಕರುಳಿನ ಒಂದು ತುಂಡು ಸಾಯುತ್ತದೆ. ಒಳಗೆ ಹೋದ ಮರಿ ಬೆಳೆದು ಮೊಟ್ಟೆ ಇಡುವುದಕ್ಕೆ ಆರೇಳು ತಿಂಗಳು ಬೇಕು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿರುತ್ತದೆ. ಸಣ್ಣದು, ದೊಡ್ಡದು ಎರಡರ ಮೊಟ್ಟೆಯೂ ನೋಡುವುದಕ್ಕೆ ಒಂದೇ ಥರ. ಯಾವುದೆಂದು ತಿಳಿಯಬೇಕಾದರೆ ಲದ್ದಿಯನ್ನು 25–27 ಡಿಗ್ರಿಯಲ್ಲಿ ಹತ್ತು ಹದಿನಾಲ್ಕು ದಿನ ತೇವವಾಗಿಟ್ಟು ಮರಿ ಬೆಳೆಸಿ, ಅದರ ಕರುಳಿನ ಕೋಶ ಎಣಿಸಬೇಕು. ಸಣ್ಣವುಗಳಲ್ಲಿ ಸಾಮಾನ್ಯವಾಗಿ 8, ವಲ್ಗ್ಯಾರಿಸ್‌ನಲ್ಲಿ 30ರ ಆಸುಪಾಸು. ಇದು ಲ್ಯಾಬಿನವರ ಕೆಲಸ. ಆದರೆ ಕೇಳಿ ಮಾಡಿಸಿಕೊಳ್ಳಬೇಕಾದವರು ನೀವು.

ಮೂರನೆಯದು ಕತ್ತೆಮರಿಗಳ ಶತ್ರು ಪ್ಯಾರಾಸ್ಕ್ಯಾರಿಸ್, ಬಿಳಿಯ ದಪ್ಪ ದುಂಡುಹುಳು, ಒಂದು ಗೇಣು ದಾಟಿಯೂ ಬೆಳೆಯುತ್ತದೆ. ಒಂದು ವರ್ಷದೊಳಗಿನ ಮರಿಗಳಲ್ಲೇ ಹೆಚ್ಚು. ಆಮೇಲೆ ಮೈಯಲ್ಲಿ ನಿರೋಧ ಶಕ್ತಿ ಬಂದು ತಾನಾಗಿ ಕಡಿಮೆಯಾಗುತ್ತದೆ. ಇದರ ಮೊಟ್ಟೆಗೆ ಅಂಟು ಇದೆ, ದಪ್ಪ ಚಿಪ್ಪು ಇದೆ. ಗೋಡೆ, ಗೋದಲಿ, ತಾಯಿಯ ಕೆಚ್ಚಲು ಎಲ್ಲಕ್ಕೂ ಅಂಟಿಕೊಂಡು ವರ್ಷಗಟ್ಟಲೆ ಬದುಕುತ್ತದೆ. ಮರಿ ಕೆಮ್ಮುತ್ತದೆ, ಮೂಗು ಸುರಿಯುತ್ತದೆ, ಏಕೆಂದರೆ ಹುಳುವಿನ ಮರಿ ಯಕೃತ್ತು, ಶ್ವಾಸಕೋಶ ಸುತ್ತಿ ಗಂಟಲಿಗೆ ಬಂದು ಮತ್ತೆ ನುಂಗಲ್ಪಟ್ಟು ಕರುಳಿಗೆ ಬರುತ್ತದೆ. ಹೊಟ್ಟೆ ಡೊಳ್ಳಾಗಿ ಮೈ ಒರಟಾದ ಮರಿಗೆ ಐವರ್‌ಮೆಕ್ಟಿನ್ ಅಥವಾ ಪೈರಾಂಟೆಲ್ ಎಂಬ ಹುಳುವಿನ ಔಷಧ ಕೊಟ್ಟರೆ ಹುಳುಗಳೆಲ್ಲ ಏಕಕಾಲಕ್ಕೆ ಸೆಟೆದು ಉಂಡೆಯಾಗಿ ಸಣ್ಣ ಕರುಳು ಕಟ್ಟಿಕೊಳ್ಳಬಹುದು, ಕರುಳು ಒಡೆಯಲೂಬಹುದು. ಅಂಥ ಮರಿಗೆ ನಿಧಾನವಾಗಿ ಕೊಲ್ಲುವ ಫೆನ್‌ಬೆಂಡಜೋಲ್ ಸುರಕ್ಷಿತ. ಇನ್ನೊಂದು ವಿಷಯ, ಜಗತ್ತಿನ ಹಲವು ಕಡೆ ಪ್ಯಾರಾಸ್ಕ್ಯಾರಿಸ್ ಈಗ ಐವರ್‌ಮೆಕ್ಟಿನ್‌ಗೆ ಬಗ್ಗುವುದಿಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಟ್ರಾಂಗೈಲಾಯ್ಡಿಸ್ ತಾಯಿಯ ಹಾಲಿನ ಮೂಲಕವೇ ಮರಿಗೆ ಬರುತ್ತದೆ, ಎರಡು ವಾರದ ಮರಿಯ ಲದ್ದಿಯಲ್ಲೇ ಮೊಟ್ಟೆ ಸಿಗುತ್ತದೆ. ಆಕ್ಸಿಯೂರಿಸ್ ಹುಳುವಿದ್ದರೆ ಬಾಲದ ಬುಡ ತುರಿಸುತ್ತದೆ. ಕತ್ತೆ ಗೋಡೆಗೆ ಉಜ್ಜಿ ಬಾಲದ ಕೂದಲು ಕಿತ್ತುಹೋಗಿದ್ದರೆ ಲದ್ದಿಗಿಂತ ಗುದದ ಸುತ್ತ ಸೆಲ್ಲೋಟೇಪು ಅಂಟಿಸಿ ತೆಗೆದು ನೋಡುವುದೇ ಸರಿ. ಲಾಡಿಹುಳು, ಅಂದರೆ ಅನೊಪ್ಲೊಸೆಫಲಾ, ಹುಲ್ಲುಗಾವಲಿನ ಕಣ್ಣಿಗೆ ಕಾಣದ ನುಸಿಯ ಮೂಲಕ ಬರುತ್ತದೆ. ಸಣ್ಣ ಕರುಳು ದೊಡ್ಡ ಕರುಳು ಕೂಡುವಲ್ಲಿ ಗುಂಪಾಗಿ ಕಚ್ಚಿಕೊಳ್ಳುತ್ತದೆ. ಮುಂಗಾಲಿನ ಕೂದಲ ಮೇಲೆ ಹಳದಿ ಚುಕ್ಕೆಯಂಥ ಮೊಟ್ಟೆ ಕಂಡರೆ ಅದು ಬಾಟ್ ನೊಣದ್ದು. ಕತ್ತೆ ನೆಕ್ಕಿಕೊಂಡಾಗ ಅದರ ಮರಿಹುಳು ಒಳಗೆ ಹೋಗಿ ಜಠರದ ಗೋಡೆಗೆ ಎಂಟು ಹತ್ತು ತಿಂಗಳು ಕಚ್ಚಿಕೊಂಡಿರುತ್ತದೆ. ಕೆರೆಯಂಚಿನ ಜೌಗಿನಲ್ಲಿ ಮೇಯುವ ಕತ್ತೆಗಳಿಗೆ ಬಸವನಹುಳುವಿನ ಮೂಲಕ ಬರುವ ಚಪ್ಪಟೆ ಹುಳುಗಳ ಕಾಟವೂ ಇದೆ. ಅವುಗಳ ಮೊಟ್ಟೆ ಭಾರ, ಎಣಿಸಲು ಬಳಸುವ ಉಪ್ಪುನೀರಿನಲ್ಲಿ ತೇಲುವುದಿಲ್ಲ. ಜೌಗಿನಲ್ಲಿ ಮೇಯಿಸುತ್ತೀರಾದರೆ ಲ್ಯಾಬಿನಲ್ಲಿ ‘ಸೆಡಿಮೆಂಟೇಶನ್ ಕೂಡ ಮಾಡಿ’ (ಮೊಟ್ಟೆಯನ್ನು ತಳಕ್ಕಿಳಿಸಿ ನೋಡುವ ಪರೀಕ್ಷೆ) ಎಂದು ಬಾಯಿಬಿಟ್ಟು ಕೇಳಿ.

ಬೆಂಗಳೂರಿನ ಹವೆ ಯಾರಿಗೆ ಹಿತ

ನಮಗೆ ಹಿತವಾದ ಹವೆಯೇ ಸ್ಟ್ರಾಂಗೈಲ್ ಮರಿಗೂ ಹಿತ. ಲದ್ದಿಯ ಜೊತೆ ನೆಲಕ್ಕೆ ಬಿದ್ದ ಮೊಟ್ಟೆ 25 ಡಿಗ್ರಿಯ ಆಸುಪಾಸಿನಲ್ಲಿ ತೇವ ಸಿಕ್ಕರೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ವಾರದ ಹೊತ್ತಿಗೆ ಸೋಂಕು ಹಚ್ಚುವ ಮೂರನೇ ಹಂತದ ಮರಿ ಸಿದ್ಧ. ಈ ಮೂರನೇ ಹಂತದ್ದು ತನ್ನ ಹಳೆಯ ಚರ್ಮವನ್ನು ಕಳಚದೆ ಮೇಲಂಗಿಯಂತೆ ತೊಟ್ಟುಕೊಂಡೇ ಇರುತ್ತದೆ. ಆ ಅಂಗಿ ಒಣಗುವುದರಿಂದ ಕಾಪಾಡುತ್ತದೆ, ಆದರೆ ಬಾಯಿ ಮುಚ್ಚಿರುತ್ತದೆ. ಏನನ್ನೂ ತಿನ್ನುವಂತಿಲ್ಲ. ಬುತ್ತಿ ಎಷ್ಟಿದೆಯೋ ಅಷ್ಟು ದಿನ ಬದುಕು. ಬಿಸಿಲು ಹೆಚ್ಚಿದಷ್ಟೂ ಓಡಾಟ ಹೆಚ್ಚಿ ಬುತ್ತಿ ಬೇಗ ಖಾಲಿ. ತಂಪಿದ್ದರೆ ತಿಂಗಳುಗಟ್ಟಲೆ ಉಳಿಯುತ್ತದೆ.

ಹೀಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಬಯಲಿನ ಮೇಲಿನ ಮರಿಹುಳು ಬೇಗ ಸಾಯುತ್ತವೆ. ಆದರೆ ಗಟ್ಟಿ ಹೊರಪದರ ಬಂದ ಲದ್ದಿ ಉಂಡೆಯೊಳಗೆ ತೇವ ಉಳಿದಿರುತ್ತದೆ, ಅಲ್ಲಿ ಕೆಲವು ಕಾದು ಕುಳಿತಿರುತ್ತವೆ. ಮೇ ತಿಂಗಳ ಮೊದಲ ಜೋರು ಮಳೆಗೆ ಉಂಡೆ ಕರಗಿ ಹುಲ್ಲಿಗೆ ಹರಡುತ್ತವೆ. ನಮ್ಮಲ್ಲಿ ಅತಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಹುಲ್ಲಿನ ಮೇಲೆ ನೀರಿನ ತೆಳು ಪದರ ಬೆಳಿಗ್ಗೆ ಬಹಳ ಹೊತ್ತು ಇರುತ್ತದೆ, ಮರಿಹುಳು ಆ ಪದರದಲ್ಲಿ ಈಜಿಕೊಂಡು ಎಲೆ ಹತ್ತುತ್ತವೆ. ಇಬ್ಬನಿ ಆರುವ ಮುಂಚೆ ಮೇಯಲು ಬಿಡಬೇಡಿ ಎಂದು ಹಿರಿಯರು ಹೇಳುತ್ತಿದ್ದುದರಲ್ಲಿ ಹುರುಳಿದೆ.

‘ನಾವು ಮೇಯಲು ಬಿಡುವುದೇ ಇಲ್ಲ ಸಾರ್, ಶೆಡ್ಡಿನಲ್ಲೇ ಕತ್ತರಿಸಿ ಹಾಕುತ್ತೇವೆ, ಆದರೂ ಹುಳು’ ಎಂಬ ದೂರು ಇದೆ. ಶೆಡ್ಡಿನ ಲದ್ದಿ ಎಲ್ಲಿಗೆ ಹೋಗುತ್ತದೆ? ಪಕ್ಕದ ನೇಪಿಯರ್ ಹುಲ್ಲಿನ ಮಡಿಗೆ, ಹಸಿಹಸಿಯಾಗಿ. ಆ ನೇಪಿಯರನ್ನು ಬುಡಮಟ್ಟ ಕೊಯ್ದು, ಇಬ್ಬನಿ ಸಮೇತ ಕತ್ತರಿಸಿ, ಅದೇ ಕತ್ತೆಗಳ ಮುಂದೆ ನೆಲದ ಮೇಲೆ ಸುರಿಯುತ್ತೇವೆ. ಹುಳುವನ್ನು ಕೈಯಾರೆ ಹೊತ್ತು ತಂದು ಬಡಿಸಿದ ಹಾಗೆ. ಹಸಿ ಲದ್ದಿ ಕತ್ತೆಯ ಮೇವಿನ ಮಡಿಗೆ ಬೇಡವೇ ಬೇಡ. ರಾಗಿ ಹೊಲಕ್ಕೋ, ತೋಟಕ್ಕೋ ಹೋಗಲಿ. ಮೇವಿಗೇ ಬೇಕೆಂದರೆ ಚೆನ್ನಾಗಿ ಕೊಳೆಸಿ ಗೊಬ್ಬರ ಮಾಡಿ ಹಾಕಿ. ರಾಶಿಯೊಳಗೆ ಕೈ ಇಟ್ಟರೆ ಸುಡುವಷ್ಟು, 55 ಡಿಗ್ರಿಗೆ ಮೇಲೆ ಬಿಸಿ ಬರಬೇಕು. ಅಂಚಿನಲ್ಲಿ ಅಷ್ಟು ಬಿಸಿ ಬರುವುದಿಲ್ಲವಾದ್ದರಿಂದ ರಾಶಿಯನ್ನು ಒಳಗಿನದು ಹೊರಗೆ, ಹೊರಗಿನದು ಒಳಗೆ ಬರುವಂತೆ ಕೆಲವು ಸಲ ಮಗುಚಬೇಕು. ಮೇವನ್ನು ನೆಲದಿಂದ ಒಂದು ಗೇಣು ಮೇಲೆ ಕೊಯ್ಯಿರಿ, ಗೋದಲಿಯಲ್ಲಿ ಹಾಕಿ.

ಬಯಲಿನಲ್ಲಿ ಬಿಡುವವರಿಗೆ ಮಾತು ಒಂದೇ: ವಾರಕ್ಕೆ ಕನಿಷ್ಠ ಎರಡು ಸಲ ಲದ್ದಿ ಎತ್ತಿ. ಮರಿಹುಳು ಸಿದ್ಧವಾಗಲು ವಾರ ಬೇಕು ಎಂದೆನಲ್ಲ, ಅದಕ್ಕೆ ಮುಂಚೆ ಎತ್ತಿದರೆ ಆಟ ಮುಗಿಯಿತು. ಕತ್ತೆ ಬಹುಮಟ್ಟಿಗೆ ಒಂದೇ ಜಾಗದಲ್ಲಿ ಲದ್ದಿ ಹಾಕುವ ಪ್ರಾಣಿ, ಜಾಗ ಸಾಕಷ್ಟಿದ್ದರೆ ಅದರ ಸುತ್ತ ಮೇಯುವುದೂ ಇಲ್ಲ. ಜಾಗ ಸಾಲದೆ ಹೋದಾಗ ಮಾತ್ರ ಅಲ್ಲಿಗೂ ಬಾಯಿ ಹಾಕುತ್ತದೆ. ಇದ್ದ ರಾಶಿಯನ್ನು ಟ್ರ್ಯಾಕ್ಟರ್ ಹಲಗೆಯಿಂದ ಎಳೆದು ಬಯಲೆಲ್ಲ ಹರಡುವವರಿದ್ದಾರೆ, ನೋಡಲು ಚೊಕ್ಕ ಅಂತ. ಬಿರುಬೇಸಿಗೆಯಲ್ಲಿ, ಆ ಬಯಲಿಗೆ ಕತ್ತೆ ಬಿಡದಿದ್ದರೆ ಸರಿ. ಮಳೆಗಾಲದಲ್ಲಿ ಅದು ಬಿತ್ತನೆ.

ಎಣಿಸುವ ಬಗೆ

ಈಗ ಮುಖ್ಯ ಕೆಲಸಕ್ಕೆ ಬರೋಣ. ಮ್ಯಾಕ್‌ಮಾಸ್ಟರ್ ಸ್ಲೈಡ್ ಎಂಬ ಗೆರೆ ಎಳೆದ ಗಾಜು, ಒಂದು ಸಾಧಾರಣ ಮೈಕ್ರೋಸ್ಕೋಪು, ಗ್ರಾಂ ತೂಗುವ ಸಣ್ಣ ತಕ್ಕಡಿ, ಟೀ ಸೋಸುವ ಜಾಲರಿ, ಉಪ್ಪು. ಇಪ್ಪತ್ತು ಕತ್ತೆ ಇರುವ ಫಾರಂ ಇಷ್ಟನ್ನು ಇಟ್ಟುಕೊಳ್ಳಬಹುದು.

ಒಂದು ಲೀಟರ್ ಬಿಸಿನೀರಿಗೆ 400 ಗ್ರಾಂ ಉಪ್ಪು ಹಾಕಿ ಕಲಕಿ. ತಳದಲ್ಲಿ ಸ್ವಲ್ಪ ಕರಗದೆ ಉಳಿಯಬೇಕು, ಆಗಲೇ ಅದು ಪೂರ್ತಿ ಸಾಂದ್ರ. ಆರಲು ಬಿಡಿ. ಕತ್ತೆ ಹಾಕಿದ ಕೂಡಲೇ, ಬಿಸಿಯಾಗಿರುವಾಗಲೇ ಎರಡು ಮೂರು ಉಂಡೆಗಳ ಒಳಭಾಗದಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಕೈಗವಸು ತೊಟ್ಟು ಎತ್ತಿ, ಅದನ್ನೇ ಒಳಹೊರಗು ಮಾಡಿ, ಗಾಳಿ ಹಿಂಡಿ ಗಂಟು ಕಟ್ಟಿದರೆ ಚೀಲ ಬೇಕಿಲ್ಲ. ಗಂಟಿನ ಮೇಲೆ ಕತ್ತೆಯ ಹೆಸರು, ತಾರೀಕು. ಅದೇ ದಿನ ಎಣಿಸಲಾಗದಿದ್ದರೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ, ಐಸಿನ ಖಾನೆಯಲ್ಲಲ್ಲ. ಹೊರಗೇ ಬಿಟ್ಟರೆ ನಮ್ಮ ಹವೆಗೆ ಮೊಟ್ಟೆ ಒಡೆದು ಮರಿಯಾಗಿ, ಮರುದಿನ ಲೆಕ್ಕ ಸುಳ್ಳೇ ಕಡಿಮೆ ಬರುತ್ತದೆ. ಮನೆಯ ಫ್ರಿಜ್ಜಿನಲ್ಲಿ ಇಡಲು ಮನೆಯವರು ಒಪ್ಪುವುದಿಲ್ಲ ಎಂಬ ಸಮಸ್ಯೆಗೆ ಪಶುವೈದ್ಯ ವಿಜ್ಞಾನದಲ್ಲಿ ಉತ್ತರವಿಲ್ಲ.

4 ಗ್ರಾಂ ಲದ್ದಿ ತೂಗಿ, 56 ಮಿಲಿ ಉಪ್ಪುನೀರಿನಲ್ಲಿ ಚೆನ್ನಾಗಿ ಕದಡಿ, ಜಾಲರಿಯಲ್ಲಿ ಸೋಸಿ. ಸೋಸಿದ್ದನ್ನು ಮತ್ತೆ ಕಲಕುತ್ತಾ ಕಲಕುತ್ತಲೇ ಡ್ರಾಪರ್‌ನಿಂದ ಎಳೆದು ಸ್ಲೈಡಿನ ಎರಡೂ ಕೋಣೆ ತುಂಬಿಸಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಲೋಟ ಬದಿಗಿಟ್ಟು, ಫೋನು ಮುಗಿಸಿ ಬರುವಷ್ಟರಲ್ಲಿ ಮೊಟ್ಟೆಗಳೆಲ್ಲ ಮೇಲಕ್ಕೆ ತೇಲಿರುತ್ತವೆ, ಡ್ರಾಪರು ನಡುವಿನ ನೀರು ಎಳೆಯುತ್ತದೆ, ಲೆಕ್ಕ ಅರ್ಧ. ಗಾಳಿಗುಳ್ಳೆ ಬಂದರೆ ಸುರಿದು ಮತ್ತೆ ತುಂಬಿ. ಐದು ನಿಮಿಷ ಬಿಟ್ಟು, ಹತ್ತರ ಮಸೂರದಲ್ಲಿ, ಮೇಲಿನ ಗಾಜಿನ ಗೆರೆಗೆ ಫೋಕಸ್ ಮಾಡಿ. ಗೆರೆ ಸ್ಪಷ್ಟವಾದರೆ ತೇಲಿದ ಮೊಟ್ಟೆಯೂ ಅದೇ ಮಟ್ಟದಲ್ಲಿರುತ್ತದೆ. ಒಂದು ಗಂಟೆ ದಾಟಿದರೆ ಉಪ್ಪು ಹರಳುಗಟ್ಟಿ ಏನೂ ಕಾಣುವುದಿಲ್ಲ.

ಸ್ಟ್ರಾಂಗೈಲ್ ಮೊಟ್ಟೆ ಅಂಡಾಕಾರ, ತೆಳು ಚಿಪ್ಪು, ಒಳಗೆ ದ್ರಾಕ್ಷಿ ಗೊಂಚಲಿನಂತೆ ಕೋಶಗಳು. ಪ್ಯಾರಾಸ್ಕ್ಯಾರಿಸ್ ದುಂಡಗೆ, ಕಂದು, ದಪ್ಪ ಚಿಪ್ಪು. ಸ್ಟ್ರಾಂಗೈಲಾಯ್ಡಿಸ್ ಇವುಗಳ ಅರ್ಧದಷ್ಟು, ಒಳಗೆ ಆಗಲೇ ಮಡಿಚಿಕೊಂಡ ಮರಿ. ಲಾಡಿಹುಳುವಿನದ್ದು ಒಂದು ಮಗ್ಗುಲು ಚಪ್ಪಟೆಯಾಗಿ, ಮೂಲೆ ಮೂಲೆಯಾಗಿ ಕಾಣುತ್ತದೆ. ಆದರೆ ಅದು ಸಿಗುವುದು ಅಪರೂಪ, ಸಿಗಲಿಲ್ಲ ಅಂದರೆ ಇಲ್ಲ ಎಂದಲ್ಲ. ಕತ್ತೆ ತಿಂದ ಹೂವಿನ ಪರಾಗವನ್ನು ಮೊಟ್ಟೆ ಎಂದು ಎಣಿಸುವುದು ಹೊಸಬರೆಲ್ಲ ಮಾಡುವ ತಪ್ಪು.

ಎರಡೂ ಕೋಣೆಯ ಗೆರೆಯೊಳಗಿನ ಮೊಟ್ಟೆ ಕೂಡಿಸಿ 50ರಿಂದ ಗುಣಿಸಿ. ಒಂದರಲ್ಲಿ 7, ಇನ್ನೊಂದರಲ್ಲಿ 5 ಇದ್ದರೆ ಒಟ್ಟು 12, ಅಂದರೆ ಗ್ರಾಮಿಗೆ 600. ಏಕೆ 50? 4 ಗ್ರಾಂ ಲದ್ದಿ 60 ಮಿಲಿಯಲ್ಲಿ ಹರಡಿದೆ, ಒಂದು ಗ್ರಾಮಿಗೆ 15 ಮಿಲಿ. ಎರಡು ಕೋಣೆ ಸೇರಿ ನಾವು ನೋಡಿದ್ದು 0.3 ಮಿಲಿ. ಹದಿನೈದನ್ನು 0.3ರಿಂದ ಭಾಗಿಸಿ ನೋಡಿ.

ಎಷ್ಟಿದ್ದರೆ ಔಷಧ? ಪ್ರಾಯಕ್ಕೆ ಬಂದ ಕುದುರೆಗಳಲ್ಲಿ 200ರಿಂದ 500ರ ನಡುವೆ ಎಲ್ಲೋ ಗೆರೆ ಎಳೆಯುವುದು ರೂಢಿ. ಕತ್ತೆಗೂ ಅಲ್ಲಿಂದಲೇ ಶುರು ಮಾಡಿ, ಪ್ರಾಯ, ಮೈಕಟ್ಟು, ಗಬ್ಬ ನೋಡಿ ವೈದ್ಯರು ಗೆರೆ ಸರಿಸುತ್ತಾರೆ. ಹಿಂಡಿನಲ್ಲಿ ನಾಲ್ಕೈದರಲ್ಲಿ ಒಂದು ಕತ್ತೆಯೇ ಒಟ್ಟು ಮೊಟ್ಟೆಯ ಬಹುಪಾಲನ್ನು, ಶೇ. 80ರ ಆಸುಪಾಸನ್ನು, ನೆಲಕ್ಕೆ ಸುರಿಯುತ್ತಿರುತ್ತದೆ. ಅವಕ್ಕೆ ಮಾತ್ರ ಕೊಟ್ಟರೆ ನೆಲ ಸ್ವಚ್ಛವಾಗುತ್ತದೆ, ಉಳಿದವುಗಳ ಹೊಟ್ಟೆಯಲ್ಲಿ ಔಷಧ ಕಾಣದ ಹುಳು ಉಳಿಯುತ್ತವೆ. ಅವು ಉಳಿಯುವುದು ನಮಗೆ ಬೇಕು. ಔಷಧಕ್ಕೆ ಜಗ್ಗದ ಹುಳು ಹುಟ್ಟಿಕೊಂಡಾಗ ಅದರ ಸಂತತಿಯನ್ನು ಕಲಸಿ ತೆಳುವಾಗಿಸುವುದು ಇವೇ. ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಕುಡಿಸಿ, ಮರುದಿನವೇ ಹೊಸ ಬಯಲಿಗೆ ಅಟ್ಟುವ ಹಳೆಯ ಪದ್ಧತಿಯಲ್ಲಿ ಹೊಸ ಬಯಲಿಗೆ ಹೋಗುವುದು ಔಷಧ ಜಯಿಸಿದ ಹುಳು ಮಾತ್ರ. ಮರಿಗಳು, ಕಾಯಿಲೆಯವು ಈ ಲೆಕ್ಕಕ್ಕೆ ಹೊರಗೆ. ಅವಕ್ಕೆ ವೈದ್ಯರು ಹೇಳಿದ ವೇಳಾಪಟ್ಟಿ.

ಕೊಟ್ಟ ಔಷಧ ಕೆಲಸ ಮಾಡಿತೇ? ಅದಕ್ಕೂ ಲದ್ದಿಯೇ ಸಾಕ್ಷಿ. ಕೊಡುವ ದಿನ, ಮತ್ತೆ ಹದಿನಾಲ್ಕನೇ ದಿನ, ಕನಿಷ್ಠ ಐದಾರು ಕತ್ತೆಗಳದ್ದು ಎಣಿಸಿ. ಸರಾಸರಿ 800 ಇದ್ದದ್ದು 200ಕ್ಕೆ ಇಳಿದರೆ ಇಳಿಕೆ ಶೇ. 75. ‘ಪರವಾಗಿಲ್ಲ, ಮುಕ್ಕಾಲು ಹೋಯಿತಲ್ಲ’ ಅನ್ನುವಂತಿಲ್ಲ, ಆ ಔಷಧ ನಿಮ್ಮ ಫಾರಂನಲ್ಲಿ ಸೋತಿದೆ. ಫೆನ್‌ಬೆಂಡಜೋಲ್‌ನಲ್ಲಿ ಇಳಿಕೆ 90ಕ್ಕಿಂತ ಕೆಳಗೆ, ಐವರ್‌ಮೆಕ್ಟಿನ್‌ನಲ್ಲಿ 95ಕ್ಕಿಂತ ಕೆಳಗೆ ಬಂದರೆ ಹುಳು ನಿರೋಧ ಬೆಳೆಸಿಕೊಂಡಿದೆ ಎಂದು ಅನುಮಾನಿಸಬೇಕು. ಅದಕ್ಕೂ ಮುಂಚೆ ನಿಮ್ಮ ತೂಕದ ಲೆಕ್ಕ ಸರಿ ಇತ್ತೇ ಅಂತ ಅನುಮಾನಿಸಿ.

ತೂಕ, ಡೋಸು, ಬಾಯಿ

ಕಣ್ಣಂದಾಜಿನಲ್ಲಿ ಕತ್ತೆಯ ತೂಕ ಹೇಳುವವರು ಇಪ್ಪತ್ತು ಮೂವತ್ತು ಕಿಲೋ ತಪ್ಪುವುದು ಮಾಮೂಲು. ಕುದುರೆಯ ತೂಕದ ಟೇಪು ಕತ್ತೆಗೆ ಹೊಂದುವುದಿಲ್ಲ, ಮೈಕಟ್ಟೇ ಬೇರೆ. ಪ್ರಾಯಕ್ಕೆ ಬಂದ ಕತ್ತೆಗೆ ಒಂದು ಸೂತ್ರವಿದೆ: ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದು 2.12ರ ಘಾತಕ್ಕೆ ಏರಿಸಿ, ಭುಜದೆತ್ತರವನ್ನು 0.688ರ ಘಾತಕ್ಕೆ ಏರಿಸಿ, ಎರಡನ್ನೂ ಗುಣಿಸಿ 3801ರಿಂದ ಭಾಗಿಸಿ. ಸುತ್ತಳತೆ 100, ಎತ್ತರ 92 ಆದರೆ ಸುಮಾರು 103 ಕಿಲೋ. ಸುತ್ತಳತೆ 110, ಎತ್ತರ 100 ಆದರೆ 133 ಕಿಲೋ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ಮೂವತ್ತು ಕಿಲೋ ವ್ಯತ್ಯಾಸ. ಮಕ್ಕಳ ಹತ್ತಿರ ಫೋನಿನಲ್ಲಿ ಒಮ್ಮೆ ಲೆಕ್ಕ ಹಾಕಿಸಿ, ಪಟ್ಟಿ ಬರೆಸಿ ಶೆಡ್ಡಿನ ಗೋಡೆಗೆ ಅಂಟಿಸಿ.

ಐವರ್‌ಮೆಕ್ಟಿನ್ ಕಿಲೋಗೆ 0.2 ಮಿಲಿಗ್ರಾಂ. ಕುದುರೆಗೆಂದು ಬರುವ ಶೇ. 1.87ರ ಪೇಸ್ಟಿನಲ್ಲಿ ಗ್ರಾಮಿಗೆ 18.7 ಮಿಲಿಗ್ರಾಂ ಔಷಧ. 100 ಕಿಲೋ ಕತ್ತೆಗೆ ಬೇಕಾದ್ದು 20 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿಗಿಂತ ಚೂರು ಹೆಚ್ಚು ಪೇಸ್ಟು. ಸಿರಿಂಜು ಇಡಿಯಾಗಿ 600 ಕಿಲೋ ಕುದುರೆಗೆ ಆಗುವಷ್ಟಿರುತ್ತದೆ. ದಂಡದ ಮೇಲಿನ ಉಂಗುರವನ್ನು ಸರಿಯಾದ ಗೆರೆಗೆ ತಿರುಗಿಸಿ ಬಿಗಿ ಮಾಡದೆ ಒತ್ತಿದರೆ ಆರು ಕತ್ತೆಯ ಔಷಧ ಒಂದರ ಬಾಯಿಗೆ. ಫೆನ್‌ಬೆಂಡಜೋಲ್ ಕಿಲೋಗೆ 7.5 ಮಿಲಿಗ್ರಾಂ ಒಂದು ಸಲ, 150 ಕಿಲೋ ಕತ್ತೆಗೆ ಒಂದೂವರೆ ಗ್ರಾಂ ಬೋಲಸ್ಸಿನ ಮುಕ್ಕಾಲು. ಲಾಡಿಹುಳುವಿಗೆ ಇವೆರಡೂ ತಾಗುವುದಿಲ್ಲ, ಪ್ರಾಜಿಕ್ವಾಂಟೆಲ್ ಸೇರಿರಬೇಕು. ಮಾಕ್ಸಿಡೆಕ್ಟಿನ್ ಕೊಬ್ಬಿನಲ್ಲಿ ಕೂರುವ ಔಷಧ. ನಾಲ್ಕು ತಿಂಗಳೊಳಗಿನ ಮರಿಗೆ, ಮೈಯಲ್ಲಿ ಕೊಬ್ಬಿಲ್ಲದ ಬಡಕಲು ಕತ್ತೆಗೆ ಅದು ಮಿದುಳಿಗೆ ಏರಬಹುದು, ಬೇಡ. ದನಕ್ಕೆ ಚುಚ್ಚುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಮಿಕ್ಕಿದೆಯೆಂದು ಕತ್ತೆಗೆ ಚುಚ್ಚಬೇಡಿ. ಕುದುರೆ ಜಾತಿಯಲ್ಲಿ ಚುಚ್ಚಿದ ಜಾಗ ಬಾತು, ಕೀವಾಗಿ, ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಪ್ರಾಣ ಹೋದದ್ದಿದೆ. ಕುರಿ ಮೇಕೆಗೆ ಕೊಡುವ ಲೆವಮಿಸೋಲ್ ಕೂಡ ಬೇಡ. ಹುಳು ಸಾಯುವ ಪ್ರಮಾಣಕ್ಕೂ ಕತ್ತೆಗೆ ವಿಷವಾಗುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ.

ಕೊಡುವಾಗ ಬಾಯಿ ಖಾಲಿ ಇರಲಿ. ಕೆನ್ನೆಯಲ್ಲಿ ಹುಲ್ಲು ಇಟ್ಟುಕೊಂಡಿದ್ದರೆ ಪೇಸ್ಟು ಆ ಹುಲ್ಲಿಗೆ ಅಂಟಿ, ನೀವು ಬೆನ್ನು ತಿರುಗಿಸಿದ ಕೂಡಲೇ ಉಂಡೆಯಾಗಿ ಹೊರಬೀಳುತ್ತದೆ. ಮುಂಬಲ್ಲು ದವಡೆಹಲ್ಲಿನ ನಡುವಿನ ಖಾಲಿ ಜಾಗದಿಂದ ಸಿರಿಂಜು ತೂರಿಸಿ, ನಾಲಿಗೆಯ ಹಿಂಭಾಗಕ್ಕೆ ಹಾಕಿ, ತಲೆ ಎತ್ತಿ ಹಿಡಿದು ಗಂಟಲು ಕುಣಿಯುವುದನ್ನು ನೋಡಿ ಬಿಡಿ.

ಹಾಲಿನ ವಿಷಯ ಬಿಟ್ಟು ಹೋಗುವಂತಿಲ್ಲ. ಐವರ್‌ಮೆಕ್ಟಿನ್ ಹಾಲಿಗೆ ಇಳಿಯುತ್ತದೆ. ಕುದುರೆಯ ಪೇಸ್ಟಿನ ಚೀಟಿಯಲ್ಲಿ ಕತ್ತೆ ಹಾಲು ಎಷ್ಟು ದಿನ ಬಿಡಬೇಕೆಂಬ ಲೆಕ್ಕ ಇರುವುದಿಲ್ಲ. ನಮ್ಮಲ್ಲಿ ಕತ್ತೆ ಹಾಲು ಕುಡಿಯುವವರು ಹಸುಗೂಸುಗಳು, ಅದೂ ಕಾಯಿಸದೆ. ಆದ್ದರಿಂದ ಎಣಿಕೆಯನ್ನು ಮರಿ ಹಾಕುವ ಮುಂಚೆಯೇ ಮುಗಿಸಿ, ಕೊಡಬೇಕಾದ್ದನ್ನು ಹಾಲಿಲ್ಲದ ದಿನಗಳಲ್ಲೇ ಕೊಡುವಂತೆ ವೈದ್ಯರ ಜೊತೆ ಕೂತು ಹೊಂದಿಸಿ. ಕರೆಯುವಾಗಲೇ ಕೊಡಬೇಕಾಗಿ ಬಂದರೆ ಎಷ್ಟು ದಿನ ಮಾರುವಂತಿಲ್ಲ ಎಂಬುದನ್ನು ಅವರಿಂದ ಬರೆಸಿಕೊಳ್ಳಿ. ಅಷ್ಟು ದಿನದ ಹಾಲು ಮರಿಗೆ.

ಹೊಸ ಕತ್ತೆ ತಂದರೆ ಎರಡು ಮೂರು ವಾರ ಬೇರೆ ಕಟ್ಟಿ. ಮೊದಲ ದಿನ ಲದ್ದಿ ಎಣಿಸಿ, ಐವರ್‌ಮೆಕ್ಟಿನ್ ಪ್ರಾಜಿಕ್ವಾಂಟೆಲ್ ಕೊಟ್ಟು, ಹದಿನಾಲ್ಕನೇ ದಿನ ಮತ್ತೆ ಎಣಿಸಿ, ಸರಿ ಕಂಡರೆ ಹಿಂಡಿಗೆ ಬಿಡಿ. ಇನ್ನೊಂದು ಊರಿನ ನಿರೋಧಕ ಹುಳು ದುಡ್ಡು ಕೊಟ್ಟು ತಂದ ಹಾಗಾಗಬಾರದು. ಗ್ಲ್ಯಾಂಡರ್ಸ್ ರಕ್ತಪರೀಕ್ಷೆಯೂ ಅದೇ ಅವಧಿಯಲ್ಲಿ ಆಗಲಿ. ಅದು ಮನುಷ್ಯರಿಗೆ ಹರಡುವ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ.

ಸಭಿಕರ ಪ್ರಶ್ನೆಗಳಿಂದ

*ಬೇವಿನ ಸೊಪ್ಪು, ಅರಿಶಿನ ಕೊಟ್ಟರೆ ಸಾಲದೇ?*

ಕೊಡಿ, ಆದರೆ ಕೊಡುವ ದಿನ ಎಣಿಸಿ, ಹದಿನಾಲ್ಕನೇ ದಿನ ಎಣಿಸಿ. ಕಂಪನಿಯ ಪೇಸ್ಟಿಗೆ ಇಟ್ಟ ಪರೀಕ್ಷೆಯನ್ನೇ ಬೇವಿಗೂ ಇಡೋಣ. ಶೇ. 90 ಇಳಿದರೆ ನಾವೂ ಬಂದು ನೋಡುತ್ತೇವೆ. ಇಳಿಯದಿದ್ದರೆ ಮರಿಗಳ ಪ್ರಾಣ ಪಣಕ್ಕಿಡಬೇಡಿ.

*ಹಸು, ಮೇಕೆ ಜೊತೆ ಮೇಯಿಸಬಹುದಾ?*

ಧಾರಾಳವಾಗಿ. ಕತ್ತೆಯ ಸ್ಟ್ರಾಂಗೈಲ್ ಮರಿ ಹಸುವಿನ ಹೊಟ್ಟೆಗೆ ಹೋದರೆ ಅಲ್ಲೇ ಸಾಯುತ್ತದೆ. ಕತ್ತೆ ಮೇಯ್ದ ಬಯಲಿಗೆ ಹಸು, ಹಸು ಮೇಯ್ದಲ್ಲಿಗೆ ಕತ್ತೆ ಎಂದು ಸರದಿ ಮಾಡಿದರೆ ಲಾಭವೇ. ಯಕೃತ್ತಿನ ಚಪ್ಪಟೆ ಹುಳು, ಜಠರದ ಟ್ರೈಕೊಸ್ಟ್ರಾಂಗೈಲಸ್ ಆಕ್ಸಿಯೈ ಮಾತ್ರ ಇಬ್ಬರಿಗೂ ಹೊಂದುತ್ತವೆ. ಕುದುರೆ ಜೊತೆ ಬಿಡುವಾಗ ಯೋಚಿಸಿ. ಕತ್ತೆಯ ಶ್ವಾಸಕೋಶದಲ್ಲಿ ಸದ್ದಿಲ್ಲದೆ ಇರುವ ಡಿಕ್ಟಿಯೊಕಾಲಸ್ ಹುಳು ಕುದುರೆಗೆ ಹತ್ತಿದರೆ ಬಿಡದ ಕೆಮ್ಮು.

*ಲದ್ದಿ ಎತ್ತುವ ನಮಗೆ ಏನಾದರೂ ಹತ್ತುತ್ತದೆಯೇ?*

ಈವರೆಗೆ ಹೇಳಿದ ಸ್ಟ್ರಾಂಗೈಲ್, ಪ್ಯಾರಾಸ್ಕ್ಯಾರಿಸ್ ಹತ್ತುವುದಿಲ್ಲ. ಭೇದಿ ಇರುವ ಮರಿಯಿಂದ ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶ ಜೀವಿ ಬರಬಹುದು, ಮನೆಯ ಸಣ್ಣ ಮಕ್ಕಳಿಗೆ ಕಷ್ಟ. ಸೋಪು ಹಚ್ಚಿ ಕೈ ತೊಳೆದು ಆಮೇಲೆ ಹಾಲು ಕರೆಯಿರಿ. ಸ್ಯಾನಿಟೈಸರ್‌ಗೆ ಅದು ಜಗ್ಗುವುದಿಲ್ಲ.

*ನಮ್ಮದು ಎರಡೇ ಕತ್ತೆ. ಮೈಕ್ರೋಸ್ಕೋಪು ಎಲ್ಲಿಂದ ತರೋಣ ಅಣ್ಣ?*

ತರಬೇಕಿಲ್ಲ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಕೊಡಿ, ಇಲ್ಲವೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ, ಅಲ್ಲಿ ಪರೋಪಜೀವಿ ಶಾಸ್ತ್ರದ್ದೇ ವಿಭಾಗವಿದೆ. ಬೆಳಗಿನ ಲದ್ದಿ, ಎರಡಕ್ಕೂ ಬೇರೆ ಬೇರೆ ಗಂಟು, ಮಧ್ಯಾಹ್ನದೊಳಗೆ ತಲುಪಲಿ. ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ. ಜೊತೆಗೊಂದು ಚೀಟಿಯಲ್ಲಿ ಪ್ರಾಯ, ಗಬ್ಬವಿದೆಯೇ, ಕೊನೆಯ ಸಲ ಯಾವ ಔಷಧ ಯಾವ ತಾರೀಕು ಕೊಟ್ಟಿರಿ, ಇಷ್ಟು ಬರೆದಿರಲಿ. ಮತ್ತೆ, ‘ಮೊಟ್ಟೆ ಇದೆ, ಇಲ್ಲ’ ಎಂಬ ಉತ್ತರ ಸಾಲದು ಅಮ್ಮ, ಗ್ರಾಮಿಗೆ ಎಷ್ಟು ಎಂದು ಬರೆದುಕೊಡಿ ಅಂತ ಕೇಳಿ.